ಸೂರ್‌ನಲ್ಲಿ ಮರ್ಯಮ್ ಮ್ಯಾಟ್ ಮೇಲೆ ಕುಳಿತ ದಿನ

ಕಳೆದ ವರ್ಷ ಅಕ್ಟೋಬರ್ ತಿಂಗಳು. ಮಸ್ಕತ್‌ನ ಬೌಷರ್‌ನಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಹುಡುಗಿಯರ ಕಬಡ್ಡಿ ತಂಡಕ್ಕೆ ಅದು ಮೊದಲ ಸೀಸನ್. ನಾನು ಅಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವವಳು. ಊರು ಪುತ್ತೂರು. ಮದುವೆಗೆ ಮುಂಚೆ ಯೂನಿವರ್ಸಿಟಿ ತಂಡದಲ್ಲಿ ಕಬಡ್ಡಿ ಆಡಿದ್ದೆ ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟದ್ದೇ ತಡ, ಪ್ರಿನ್ಸಿಪಾಲರು ನನ್ನನ್ನು ಕೋಚ್ ಮಾಡಿಬಿಟ್ಟರು. ನಾಲ್ಕು ಕಾಲೇಜುಗಳು ಸೇರಿ ಒಂದು ಚಿಕ್ಕ ಲೀಗ್ ಇಟ್ಟುಕೊಂಡಿದ್ದವು, ಒಬ್ಬೊಬ್ಬರೊಡನೆ ಎರಡೆರಡು ಪಂದ್ಯ. ನಮ್ಮ ತಂಡದಲ್ಲಿ ಅರ್ಧ ಹುಡುಗಿಯರು ಭಾರತದವರು, ಅರ್ಧ ಒಮಾನಿಗಳು.

ರೈಡಿಗೆ ಹೋಗಬಲ್ಲವರು ಇಬ್ಬರೇ. ಒಬ್ಬಳು ಶ್ರಾವ್ಯಾ. ಮೈಸೂರಿನವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮಸ್ಕತ್‌ನಲ್ಲೇ. ಗೆರೆ ದಾಟಿದಳೆಂದರೆ ಗಾಳಿ. ಇಬ್ಬರನ್ನು ಮುಟ್ಟಿ ಮೂರನೆಯವಳ ಕೈಯಿಂದ ಜಾರಿಕೊಂಡು ಬಂದು ನಗುತ್ತ ನಿಲ್ಲುತ್ತಿದ್ದಳು. ಇನ್ನೊಬ್ಬಳು ಮರ್ಯಮ್. ಸೂರ್ ಪಟ್ಟಣದ ಒಮಾನಿ ಹುಡುಗಿ, ಮಸ್ಕತ್‌ನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಕಬಡ್ಡಿ ಕಲಿತು ಎಂಟು ತಿಂಗಳೂ ಆಗಿರಲಿಲ್ಲ. ಅವಳದು ನಿಧಾನದ ಆಟ. ಎದುರಿನವರ ಕಾಲನ್ನೇ ನೋಡುತ್ತ ನಿಂತು, ಇನ್ನೇನು ಸಮಯ ಮುಗಿಯಿತು ಎನ್ನುವಾಗ ಒಂದೇ ಒಂದು ಪಾಯಿಂಟ್ ತರುತ್ತಿದ್ದಳು. ಸಿಕ್ಕಿಬೀಳುತ್ತಿದ್ದುದು ಮಾತ್ರ ಅಪರೂಪ.

ನಾನು ಒಂದು ನೋಟ್‌ಬುಕ್ಕಿನಲ್ಲಿ ಇಬ್ಬರ ಲೆಕ್ಕ ಬರೆದಿಡುತ್ತಿದ್ದೆ. ಎಷ್ಟು ರೈಡ್, ಎಷ್ಟು ಪಾಯಿಂಟ್, ಎಷ್ಟು ಸಲ ಔಟ್. ಮೊದಲ ಎರಡು ಪಂದ್ಯ ಮುಗಿದಾಗ ಶ್ರಾವ್ಯಾಳ ಪಾಯಿಂಟ್ ಮರ್ಯಮ್‌ಳದಕ್ಕಿಂತ ಎರಡು ಪಟ್ಟಿತ್ತು. ಮೂರನೆಯ ಪಂದ್ಯ ಸೂರ್‌ನಲ್ಲಿ. ಮುಖ್ಯ ರೈಡರ್ ಶ್ರಾವ್ಯಾ, ಮರ್ಯಮ್ ಬೆಂಚಿನಲ್ಲಿ ಎಂದು ಬರೆದು ಬೋರ್ಡಿಗೆ ಅಂಟಿಸಿದೆ. ಸೂರ್ ಮರ್ಯಮ್‌ಳ ಊರು, ಮನೆಯವರೆಲ್ಲ ನೋಡಲು ಬರುತ್ತಾರೆ ಎಂಬುದು ಗೊತ್ತಿತ್ತು. ಬೇಸರವಾದೀತು ಎಂದುಕೊಂಡೆ, ಆದರೆ ಪಟ್ಟಿ ಬದಲಿಸಲಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ಸೂರ್ ಪಂದ್ಯಕ್ಕೆ ಆರು ದಿನ ಮೊದಲು ಒಳನಾಡಿನ ನಿಜ್ವಾ ಪಟ್ಟಣದಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ಶ್ರಾವ್ಯಾಳನ್ನು ಮೂವರು ಹಿಡಿದೆಳೆದಾಗ ಅವಳ ತಲೆ ಒಬ್ಬಳ ಮೊಣಕಾಲಿಗೆ ಬಡಿದಿತ್ತು. ಎದ್ದು ತಲೆ ಉಜ್ಜಿಕೊಂಡು, "ಏನೂ ಆಗಿಲ್ಲ ಮ್ಯಾಮ್" ಎಂದು ನಕ್ಕಳು. ನಾನೂ ನಕ್ಕೆ. ನಮ್ಮ ಕಾಲದಲ್ಲಿ ಇಂಥ ಪೆಟ್ಟು ಲೆಕ್ಕಕ್ಕೇ ಇರಲಿಲ್ಲ. ಆಮೇಲಿನ ಪ್ರಾಕ್ಟೀಸ್‌ಗಳಲ್ಲಿ ಅವಳು ಸ್ವಲ್ಪ ಮಂಕಾಗಿದ್ದಳು. ಸುಸ್ತಾಗಿದೆ ಎಂದುಕೊಂಡು ಸುಮ್ಮನಾದೆ.

ಪಂದ್ಯದ ದಿನ ಬೆಳಿಗ್ಗೆ ಕಾಲೇಜಿನ ಬಸ್ಸಿನಲ್ಲಿ ಹೊರಟೆವು. ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಬಸ್ ನಿಂತಾಗ ಶ್ರಾವ್ಯಾ ಇಳಿದು ಹೋಗಿ ವಾಂತಿ ಮಾಡಿದಳು. "ಬಸ್ಸಿನ ಸಹವಾಸ ನಂಗೆ ಆಗಲ್ಲ ಮ್ಯಾಮ್" ಎಂದಳು. ಅವಳಿಗೊಂದು ನಿಂಬೆಹಣ್ಣಿನ ಜ್ಯೂಸ್ ಕೊಡಿಸಿ ನಾನು ಹತ್ತುವಾಗ ಮರ್ಯಮ್ ಬಾಗಿಲ ಬಳಿಯೇ ನಿಂತಿದ್ದಳು. ಅವಳು ನನ್ನೊಡನೆ ಮಾತಾಡುವುದು ಇಂಗ್ಲಿಷಿನಲ್ಲೇ.

"ಮಿಸ್, ಇವತ್ತು ಶ್ರಾವ್ಯಾಳನ್ನು ಆಡಿಸಬೇಡಿ. ಅವಳಿಗೆ ಏನೋ ಆಗಿದೆ."

"ಏನಾಗಿದೆ?"

"ನನಗೆ ಹೇಳಲಿಕ್ಕೆ ಬರುವುದಿಲ್ಲ. ಅವಳು ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಎಡಗಾಲು ಸರಿಯಾಗಿ ಎತ್ತುತ್ತಿಲ್ಲ. ತಲೆನೋವಿಗೆ ದಿನಾ ಮಾತ್ರೆ ತಗೊಳ್ಳುತ್ತಾಳೆ. ಯಾರಿಗೂ ಹೇಳಬೇಡ ಅಂದಿದ್ದಾಳೆ."

ಆಗ ನಾನು ಆಡಿದ ಮಾತನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. "ನಿಮ್ಮ ಮನೆಯವರು ನೋಡಲು ಬರುತ್ತಾರೆ, ನಿನಗೆ ಆಡಬೇಕು. ಅದನ್ನು ನೇರವಾಗಿ ಕೇಳು. ಇನ್ನೊಬ್ಬಳ ಮೇಲೆ ಹೇಳಬೇಡ" ಎಂದೆ. ಅವಳ ಮುಖ ಕೆಂಪಾಯಿತು. ಹೋಗಿ ಹಿಂದಿನ ಸೀಟಿನಲ್ಲಿ ಕುಳಿತಳು.

ಸೂರ್‌ನ ಒಳಾಂಗಣ ಕ್ರೀಡಾಂಗಣದಲ್ಲಿ ಹೆಂಗಸರಿಗೆ ಮಾತ್ರ ಪ್ರವೇಶ. ಮರ್ಯಮ್‌ಳ ತಾಯಿ, ಅಜ್ಜಿ, ಚಿಕ್ಕಮ್ಮಂದಿರು ಹಲ್ವಾ, ಕಹ್ವಾ ಕಾಫಿಯ ಫ್ಲಾಸ್ಕ್ ಎಲ್ಲ ಹಿಡಿದುಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ತಂದೆ ಹೊರಗೆ ಕಾರಿನಲ್ಲಿ ಕಾಯುತ್ತಿದ್ದರು. ಎರಡು ತಂಡಗಳೂ ಮ್ಯಾಟಿಗೆ ಇಳಿದವು. ಟಾಸ್ ಆಯಿತು. ಮೊದಲ ರೈಡ್ ನಮ್ಮದು. ಶ್ರಾವ್ಯಾ ನಡು ಗೆರೆಯ ಹತ್ತಿರ ಬಂದು ನಿಂತಳು. ರೆಫರಿ ಸೀಟಿ ಬಾಯಿಗಿಟ್ಟರು.

ಅಷ್ಟರಲ್ಲಿ ಬೆಂಚಿನಿಂದ ಮರ್ಯಮ್ ಎದ್ದಳು. ನೇರ ಮ್ಯಾಟಿನೊಳಗೆ ನಡೆದು, ನಡು ಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು.

ರೆಫರಿ ಹೊರಗೆ ಹೋಗೆಂದು ಕೈ ಮಾಡಿದರು. ಅವಳು ಏಳಲಿಲ್ಲ. ಎದುರಾಳಿ ಹುಡುಗಿಯರು ಕಿಸಿಕಿಸಿ ನಕ್ಕರು. ಅವಳ ತಾಯಿ ಎದ್ದು ನಿಂತು ಅರಬಿಯಲ್ಲಿ ಗದರಿದರು. ನಾನು ಓಡಿಹೋಗಿ ಅವಳ ತೋಳು ಹಿಡಿದೆಳೆದೆ.

"ಏಳು! ಮರ್ಯಾದೆ ತೆಗೆಯುತ್ತೀಯಾ?" ಎಂದು ಕೂಗಿಯೇಬಿಟ್ಟೆ.

ಅವಳ ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಮಿಸ್, ನಾನು ಇವತ್ತೂ ಆಡುವುದಿಲ್ಲ, ಮುಂದೆಯೂ ಆಡುವುದಿಲ್ಲ. ನನ್ನ ಹೆಸರು ತೆಗೆದುಹಾಕಿ. ಆದರೆ ಅವಳನ್ನು ಒಂದು ಪ್ರಶ್ನೆ ಕೇಳಿ. ಇದು ಯಾವ ಊರು ಅಂತ ಕೇಳಿ."

ಸಿಟ್ಟಿನಲ್ಲೇ ಶ್ರಾವ್ಯಾಳ ಕಡೆ ತಿರುಗಿದೆ. "ಹೇಳು ಮಾರಾಯ್ತಿ, ಇದು ಯಾವ ಊರು?"

ಅವಳು ಸುತ್ತ ನೋಡಿದಳು. ನನ್ನನ್ನು ನೋಡಿ ಮೆಲ್ಲಗೆ ನಕ್ಕಳು. "ನಿಜ್ವಾ ಅಲ್ವಾ ಮ್ಯಾಮ್?"

ಎರಡು ಗಂಟೆಗೂ ಹೆಚ್ಚು ಹೊತ್ತು ಸಮುದ್ರದ ಬದಿಯ ದಾರಿಯಲ್ಲಿ ಬಂದಿದ್ದೇವೆ, ಹಾಲಿನ ಗೋಡೆಯ ಮೇಲೆ ದೊಡ್ಡದಾಗಿ ಸೂರ್ ಎಂದು ಬರೆದಿದೆ. ಹತ್ತಿರ ಹೋಗಿ ಅವಳ ಮುಖ ಹಿಡಿದು ನೋಡಿದೆ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ನಾನು ಹಿಡಿದುಕೊಂಡಿದ್ದಂತೆಯೇ ಅವಳ ಕಾಲು ಮಡಚಿಕೊಂಡಿತು.

ಮರ್ಯಮ್ ಜಿಗಿದೆದ್ದು ಇನ್ನೊಂದು ಬದಿಯಿಂದ ಹಿಡಿದುಕೊಂಡಳು. ಅವಳ ತಾಯಿ ಫ್ಲಾಸ್ಕ್ ಅಲ್ಲೇ ಬಿಟ್ಟು ಓಡಿಬಂದರು. "ಯಲ್ಲಾ, ಯಲ್ಲಾ!" ಎನ್ನುತ್ತ ಎಲ್ಲರನ್ನೂ ಸರಿಸಿ ದಾರಿ ಮಾಡಿದರು. ಮರ್ಯಮ್‌ಳ ತಂದೆ ಕಾರನ್ನು ಬಾಗಿಲಿಗೇ ತಂದರು. ಹಿಂದಿನ ಸೀಟಿನಲ್ಲಿ ಆ ತಾಯಿ ಶ್ರಾವ್ಯಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾರು ಅಲುಗಾಡಿದಾಗಲೆಲ್ಲ ಎರಡೂ ಕೈಯಿಂದ ಒತ್ತಿ ಹಿಡಿಯುತ್ತ, ಏನನ್ನೋ ಪ್ರಾರ್ಥಿಸುತ್ತಿದ್ದರು. ನಾನು ಮುಂದೆ ಕುಳಿತು ಶ್ರಾವ್ಯಾಳ ತಾಯಿಗೆ ಫೋನ್ ಮಾಡಿ, ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ ಎಂದಷ್ಟೇ ಹೇಳಿದೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೋರಿ ಹೆಪ್ಪುಗಟ್ಟುತ್ತಿತ್ತು. ಅಲ್ಲಿದ್ದ ಡಾಕ್ಟರ್ ಸ್ಕ್ಯಾನ್ ತೋರಿಸಿ ಹೇಳಿದರು: "ಇವತ್ತು ಈ ತಲೆಗೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ನಾವು ಮಾಡುವಂಥದ್ದು ಏನೂ ಉಳಿಯುತ್ತಿರಲಿಲ್ಲ." ಕೂಡಲೇ ಆಂಬುಲೆನ್ಸಿನಲ್ಲಿ ಮಸ್ಕತ್‌ಗೆ ಕಳಿಸಿದರು. ಅವತ್ತೇ ಆಪರೇಷನ್ ಆಯಿತು. ನಾಲ್ಕನೆಯ ದಿನ ಶ್ರಾವ್ಯಾ ಇಡ್ಲಿ ಬೇಕು ಎಂದಳಂತೆ. ಅದನ್ನು ಹೇಳಿ ಅವಳಪ್ಪ ಫೋನಿನಲ್ಲೇ ಅತ್ತರು.

ಮುಂದಿನ ವಾರ ಪ್ರಾಕ್ಟೀಸ್‌ಗೆ ಎಲ್ಲರೂ ಸೇರಿದಾಗ, ತಂಡದ ಎದುರೇ ಮರ್ಯಮ್‌ಳ ಕ್ಷಮೆ ಕೇಳಿದೆ. ಬಸ್ಸಿನ ಬಾಗಿಲಲ್ಲಿ ಆಡಿದ ಮಾತನ್ನೂ ಮುಚ್ಚಿಡದೆ ಹೇಳಿದೆ. ಅವಳು ತಲೆ ತಗ್ಗಿಸಿದಳು.

"ಮಿಸ್, ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ. ನನಗೆ ಆಡಬೇಕು ಅಂತ ತುಂಬಾ ಇತ್ತು. ಅಜ್ಜಿ ಬರುತ್ತಿದ್ದರು. ಅದಕ್ಕೇ ಎರಡು ದಿನ ಸುಮ್ಮನಿದ್ದೆ. ಶ್ರಾವ್ಯಾಳಿಗಾಗಿ ಹೇಳುತ್ತಿದ್ದೇನಾ, ನನಗಾಗಿ ಹೇಳುತ್ತಿದ್ದೇನಾ ಅಂತ ನನಗೇ ಗೊತ್ತಾಗಲಿಲ್ಲ. ನಾನು ಆಡುವುದೇ ಇಲ್ಲ ಅಂತ ತೀರ್ಮಾನ ಮಾಡಿದ ಮೇಲೆ ಎದ್ದು ಬರಲಿಕ್ಕೆ ಧೈರ್ಯ ಬಂತು."

ನನಗೆ ನಲವತ್ತಾರು ವರ್ಷ, ಆ ಹುಡುಗಿಗೆ ಹತ್ತೊಂಬತ್ತು. ಅವಳ ಹೆಸರನ್ನು ತೆಗೆದುಹಾಕುವ ಮಾತಂತೂ ಇರಲೇ ಇಲ್ಲ. ಬಾಕಿ ಪಂದ್ಯಗಳನ್ನೆಲ್ಲ ಅವಳೇ ಆಡಿದಳು. ನಾವು ಗೆದ್ದದ್ದು ಒಂದೇ. ಯಾರಿಗೂ ಅದರ ಬಗ್ಗೆ ಬೇಜಾರಿರಲಿಲ್ಲ.

ಶ್ರಾವ್ಯಾ ಸುಧಾರಿಸಿಕೊಂಡ ಮೇಲೆ ಅವಳ ತಾಯಿ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, "ಮೇಡಂ, ನೀವು ಸರಿಯಾದ ಟೈಮ್‌ಗೆ ನೋಡಿದ್ರಿ, ನನ್ನ ಮಗಳು ಉಳ್ಕೊಂಡ್ಲು" ಎಂದರು. ಆ ಕೃತಜ್ಞತೆಯನ್ನು ಇಟ್ಟುಕೊಳ್ಳುವುದು ಸುಲಭವಿತ್ತು, ಆಸೆಯೂ ಆಯಿತು. ಆದರೆ ಅವರನ್ನು ಕೂರಿಸಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ನನ್ನನ್ನ ಆ ಹುಡುಗಿ ಮನೆಗೆ ಕರ್ಕೊಂಡ್ ಹೋಗ್ತೀರಾ?" ಎಂದರು.

ಶುಕ್ರವಾರ ಅವರನ್ನೂ ಶ್ರಾವ್ಯಾಳನ್ನೂ ಕರೆದುಕೊಂಡು ಸೂರ್‌ಗೆ ಹೋದೆ. ಮರ್ಯಮ್‌ಳ ತಾಯಿಗೆ ಕನ್ನಡ ಬಾರದು, ಇವರಿಗೆ ಅರಬಿ ಬಾರದು. ಶ್ರಾವ್ಯಾಳ ತಾಯಿ ನೇರ ಹೋಗಿ ಮರ್ಯಮ್‌ಳ ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟರು. ಮರ್ಯಮ್‌ಳ ತಾಯಿ ಶ್ರಾವ್ಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆಯ ಹೊಲಿಗೆಯ ಗುರುತಿನ ಮೇಲೆ ಹೊಸದಾಗಿ ಚಿಗುರುತ್ತಿದ್ದ ಕೂದಲನ್ನು ಸವರುತ್ತಲೇ ಇದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮರ್ಯಮ್ ಬಂದು, "ಮಿಸ್, ನೀವ್ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ" ಎಂದು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಅವರ ನಡುವೆ ಕೂರಿಸಿದಳು.

ಇಡೀ ಊರಿನೆದುರು ಅವಳ ತೋಳು ಹಿಡಿದೆಳೆದಿದ್ದ ಕೈ ಅದು. ಅವಳು ಅದನ್ನು ಹಿಡಿದ ರೀತಿಯನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.