ಗಾಳಿಯ ರೇಟು

ಹನೀಫರು ನನಗೆ ಹೇಳಿದ್ದರು. ಸ್ಪಷ್ಟವಾಗಿ, ಅರ್ಥವಾಗುವ ಹಾಗೆ ಹೇಳಿದ್ದರು. ಅವರು ಹೇಳಲೇ ಇಲ್ಲ ಎಂದು ಊರವರ ಎದುರು ಸುಳ್ಳು ಹೇಳಿದವಳು ನಾನು. ಆ ಸುಳ್ಳಿನಿಂದ ಅವರ ವ್ಯಾಪಾರ ಹೋಯಿತು, ಹೆಸರು ಹೋಯಿತು. ಅದಕ್ಕೂ ಮೊದಲು, ಹೇಳಬೇಕಾದದ್ದನ್ನು ಹೇಳದೆ ನಾನು ಬಾಯಿ ಮುಚ್ಚಿಕೊಂಡದ್ದರಿಂದ ನನ್ನ ಗೆಳತಿ ಜಾನಕಿಯ ಬಲಗೈ ಕೆಲಸಕ್ಕೆ ಬಾರದಂತಾಯಿತು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ಇಲ್ಲದಿದ್ದರೆ ನಾನು ನಡುವೆ ಎಲ್ಲಿಯಾದರೂ ನುಣುಚಿಕೊಳ್ಳುವವಳೇ.

ನಾನು ಕಡಬದ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್ ಆಗಿದ್ದೆ. ಈಗಲೂ ಊರವರಿಗೆಲ್ಲ ನಾನು ಟೀಚರೇ. ಆದರೆ ನನಗೆ ಹೆಸರು ಬಂದದ್ದು ಮಕ್ಕಳಿಗೆ ಪದ್ಯ ಕಲಿಸಿದ್ದಕ್ಕಲ್ಲ, ಚರ್ಚೆಗೆ. ನಮ್ಮ ಕಡೆ ಅಂಗಡಿಯಲ್ಲಿ ರೇಟು ಕಡಿಮೆ ಮಾಡಿಸುವುದಕ್ಕೆ ಚರ್ಚೆ ಎನ್ನುತ್ತಾರೆ. ಮದುವೆಯ ಸೀರೆಯಿರಲಿ, ಸೆಕೆಂಡ್ ಹ್ಯಾಂಡ್ ಸ್ಕೂಟರಿರಲಿ, ಪುತ್ತೂರಿಗೆ ಹೋಗುವವರು ಮೊದಲು ನನ್ನ ಬಾಗಿಲಿಗೆ ಬರುತ್ತಿದ್ದರು. ಅಂಗಡಿಯವರು ನನ್ನನ್ನು ಕಂಡು ಹಣೆ ಚಚ್ಚಿಕೊಂಡರೆ ನನಗೆ ಒಳಗೊಳಗೇ ಖುಷಿ. ಏನು ಹೇಳಲಿ — ಅಷ್ಟು ದೊಡ್ಡ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಜಾನಕಿ ಕಡಬ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಒಂಟಿ ಹೆಂಗಸು. ಹೊಲಿಗೆ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲೇ ಅಷ್ಟು ವರ್ಷ ಕಳೆದವಳು. ಕೊನೆಗೆ ಊರಿನ ಗುಡ್ಡೆಯ ತಲೆಯಲ್ಲಿ ಐದು ಸೆಂಟ್ಸ್ ಜಾಗ ತೆಗೆದುಕೊಂಡಳು. ಕಲ್ಲು ಕಟ್ಟುವ ಮೇಸ್ತ್ರಿಗಳ ಹಿಂದೆ ಅಲೆಯುವ ತ್ರಾಣ ಅವಳಿಗಿರಲಿಲ್ಲ. ಆ ಹೊತ್ತಿಗೆ ನಮ್ಮಲ್ಲಿ ರೆಡಿಮೇಡ್ ಮನೆಗಳ ಸುದ್ದಿ ಶುರುವಾಗಿತ್ತು — ಕಬ್ಬಿಣದ ಕಂಬ, ತಗಡಿನ ದಪ್ಪ ಹಲಗೆಯ ಗೋಡೆ, ಬಿಡಿಬಿಡಿಯಾಗಿ ತಂದು ಜೋಡಿಸುವುದು, ಬಿರುಗಾಳಿಗೂ ಜಗ್ಗುವುದಿಲ್ಲ ಎನ್ನುವುದು. ಹನೀಫರು ಅದರ ವ್ಯಾಪಾರ ಮಾಡುತ್ತಿದ್ದರು. ಗಲ್ಫಿನಲ್ಲಿ ಅಂಥದ್ದೇ ಮನೆಗಳನ್ನು ಕೂರಿಸುವ ಕೆಲಸ ಮಾಡಿ ಬಂದವರು. ಉಳಿಸಿದ್ದನ್ನೆಲ್ಲ ಸುರಿದು ಕಡಬದ ರಸ್ತೆ ಬದಿ ಒಂದು ಯಾರ್ಡ್ ಮಾಡಿದ್ದರು.

ಅವರು ಜಾಗ ನೋಡಲು ಬಂದ ದಿನ ನಾನೂ ಇದ್ದೆ. ಗುಡ್ಡೆಯ ಪಡು ಬದಿಯ ರಬ್ಬರ್ ಮರಗಳನ್ನು ಹಳತಾದವೆಂದು ಆಗಷ್ಟೇ ಕಡಿದಿದ್ದರು. ಹನೀಫರು ಆ ಬೋಳು ಇಳಿಜಾರನ್ನು ನೋಡುತ್ತಾ ನಿಂತೇ ಇದ್ದರು. ರೇಟು ಯಾಕೆ ಇಷ್ಟು ಹೆಚ್ಚು ಎಂದು ನಾನು ಅಲ್ಲೇ ಶುರು ಮಾಡಿದೆ.

"ಮನೆಗೆ ಒಂದು ರೇಟು, ಜಾಗಕ್ಕೆ ಒಂದು ರೇಟು ಟೀಚರ್," ಎಂದರು. "ಇದೇ ಮನೆ ಸವಣೂರು ಪೇಟೆಯ ಒಳಗೆ ಆದ್ರೆ ಕಡಿಮೆಗೆ ಆಗ್ತದೆ. ಇಲ್ಲಿ ಗಾಳಿ ತಡೀಲಿಕ್ಕೆ ಎಂತ ಉಂಟು? ಒಂದು ಮರ ಸಹ ಇಲ್ಲ. ಕಂಬ ದಪ್ಪ ಬೇಕು, ಮಾಡಿನ ತಗಡು ಬಿಗಿ ಬೇಕು, ಅಡಿ ಗಟ್ಟಿ ಬೇಕು. ಮತ್ತೆ ಈ ರೋಡಿಗೆ ಲಾರಿ ಹತ್ತುದಿಲ್ಲ. ಪಿಕಪ್‌ನಲ್ಲಿ ಹತ್ತು ಟ್ರಿಪ್ ಹೊಡೀಬೇಕು."

ವ್ಯಾಪಾರದವರು ಹೀಗೆ ಹೇಳುವುದೇ ಎಂದುಕೊಂಡೆ. ಗಾಳಿಗೂ ರೇಟು ಹಾಕುತ್ತಾರಲ್ಲ ಎಂದು ಜಾನಕಿಯ ಹತ್ತಿರ ನಗಾಡಿದ್ದೂ ಉಂಟು.

ಚರ್ಚೆಯ ದಿನ ನಾನು ಜಾನಕಿಯನ್ನು ಯಾರ್ಡಿನ ಒಳಗೆ ಬಿಡಲಿಲ್ಲ. ಅದು ನನ್ನ ಕ್ರಮ. ಕೊಳ್ಳುವವರ ಮುಖದಲ್ಲಿ ಆಸೆ ಕಂಡರೆ ರೇಟು ಇಳಿಯುವುದಿಲ್ಲ; ಅದಕ್ಕೇ ಕೊಳ್ಳುವವರನ್ನು ಯಾವಾಗಲೂ ದೂರ ಕೂರಿಸುತ್ತಿದ್ದೆ. ಎದುರಿನ ಹೋಟೆಲಿನಲ್ಲಿ ಅವಳಿಗೆ ಚಾ ಹೇಳಿ ನಾನೊಬ್ಬಳೇ ಹೋದೆ. ಈಗ ಯೋಚಿಸಿದರೆ — ಅವಳ ಮನೆಯ ಮಾತು ಅವಳ ಕಿವಿಗೆ ಬೀಳದ ಹಾಗೆ ಮಾಡಿದವಳು ನಾನೇ.

ಸಾಗಾಟದ ಖರ್ಚಿನಲ್ಲಿ ರೇಟು ಇಳಿಸಿದೆ, ಪಿಕಪ್ ನಮ್ಮ ನೆರೆಯ ರುಕ್ಮಯ್ಯ ಗೌಡರದ್ದು, ನಾನು ಹೇಳಿದರೆ ಅವರು ಡೀಸೆಲ್ ದುಡ್ಡಿಗೇ ಬರುತ್ತಿದ್ದರು. ಕಿಟಕಿಯಲ್ಲಿ ಇಳಿಸಿದೆ, ಒಳಗಿನ ಸೀಲಿಂಗ್ ಬೇಡವೆಂದೆ. ಅಷ್ಟರವರೆಗೆ ಯಾರಿಗೂ ನಷ್ಟವಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಮನಸ್ಸಿನಲ್ಲಿ ಒಂದು ರೇಟು ಕೂತಿತ್ತು. ಅದಕ್ಕಿಂತ ಒಂದು ಪೈಸೆ ಹೆಚ್ಚಾದರೂ ಸೋತ ಹಾಗೆ ಎಂದು —

ಹನೀಫರು ಟೊಪ್ಪಿ ತೆಗೆದು ತಲೆ ತುರಿಸಿಕೊಂಡರು. "ಇನ್ನು ಕಡಿಮೆ ಮಾಡ್ಲಿಕ್ಕೆ ಉಳಿದದ್ದು ಅಡಿಯ ಕೆಲಸ ಮಾತ್ರ ಟೀಚರ್. ನಡು ಕಂಬಗಳಿಗೆ ಗುಂಡಿ, ಕಾಂಕ್ರೀಟು, ಬೋಲ್ಟು. ಅದು ಬಿಟ್ರೆ ನೀವು ಹೇಳಿದ ರೇಟಿಗೆ ಬರ್ತದೆ. ಆದ್ರೆ ಆ ಗುಡ್ಡೆಯಲ್ಲಿ ಅದು ಬಿಡುವ ಕೆಲಸ ಅಲ್ಲ."

"ನಾಲ್ಕು ಮೂಲೆಗೆ ಬೋಲ್ಟು ಉಂಟಲ್ಲ?"

"ಮೂಲೆಗೆ ಉಂಟು, ಸಾಕಾಗುದಿಲ್ಲ. ದೊಡ್ಡ ಗಾಳಿ ಬಂದ್ರೆ ನಾನು ಗ್ಯಾರಂಟಿ ಹೇಳುದಿಲ್ಲ. ನೀವು ಜಾನಕಿ ಅಕ್ಕನತ್ರ ಒಂದು ಮಾತು ಕೇಳಿ. ಮನೆ ಅವರದ್ದಲ್ವಾ? ಬೇಕಾದ್ರೆ ಆಮೇಲೆ ಸಹ ಹಾಕ್ಬಹುದು, ಖರ್ಚು ಸ್ವಲ್ಪ ಹೆಚ್ಚಾಗ್ತದೆ ಅಷ್ಟೆ."

"ನಾನು ಹೇಳ್ತೇನೆ," ಎಂದೆ. "ನೀವು ಹೇಳ್ಲಿಕ್ಕೆ ಹೋಗ್ಬೇಡಿ. ಅವಳು ಸುಮ್ಮನೆ ಹೆದರ್ತಾಳೆ."

ರಸ್ತೆ ದಾಟಿ ಹೋಟೆಲಿಗೆ ಬರುವಾಗ ಹೇಳಬೇಕೆಂದೇ ಇದ್ದೆ. ನಂಬಿ, ಬಿಡಿ — ಹೇಳಬೇಕೆಂದೇ ಇದ್ದೆ. ಆದರೆ ರೇಟು ಕೇಳಿದ ಜಾನಕಿ ಚಾ ಗ್ಲಾಸು ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಷ್ಟಕ್ಕೆ ಒಪ್ಪಿದ್ರಾ? ನೀನು ಎಂಥ ಜನ ಮಾರಾಯ್ತಿ," ಎಂದಳು. ಕಣ್ಣಲ್ಲಿ ನೀರು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆಗ ನಾನು ಬೋಲ್ಟಿನ ಮಾತು ತೆಗೆದರೆ ಆ ಹೊಗಳಿಕೆ ಅರ್ಧವಾಗುತ್ತಿತ್ತು. ಇಳಿದ ರೇಟು ನನ್ನ ಜಾಣ್ಮೆಯಿಂದಲ್ಲ, ಮನೆಯ ಅಡಿಯಿಂದ ಇಳಿದದ್ದು ಎಂದು ಅವಳಿಗೆ ತಿಳಿಯುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಆ ನಾಳೆ ಬಂದಾಗ ಅವಳು ಅಂಗಡಿಗೆ ಬಂದವರಿಗೆಲ್ಲ ನನ್ನ ಸಾಹಸ ಹೇಳುತ್ತಾ ಕೂತಿದ್ದಳು. ಹೇಳಲಿಲ್ಲ. ಮನೆ ಕೂರಿಸುವ ದಿನ ಹನೀಫರು ನನ್ನನ್ನು ಬದಿಗೆ ಕರೆದು, ಜಾನಕಿ ಅಕ್ಕನಿಗೆ ಹೇಳಿದಿರಲ್ಲ ಎಂದು ಕೇಳಿದರು. ಹೂಂ ಎಂದೆ. ಎಷ್ಟು ಸುಲಭವಾಗಿ ಬಾಯಿಯಿಂದ ಬಂತು ಆ ಹೂಂ. ಗೃಹಪ್ರವೇಶದ ದಿನ ಹೇಳಬಹುದಿತ್ತು. ಆಮೇಲೆ ಎರಡು ಮಳೆಗಾಲ ಏನೂ ಆಗದೆ ಕಳೆದಾಗ, ಹನೀಫರು ಸುಮ್ಮನೆ ಹೆದರಿಸಿದ್ದು ಎಂದು ನನಗೆ ನಾನೇ ಹೇಳಿಕೊಂಡು ಮರೆತೇಬಿಟ್ಟೆ.

ಗಾಳಿ ಬಂದದ್ದು ಬೇಸಗೆಯ ಕೊನೆಯಲ್ಲಿ, ಹಾಡುಹಗಲೇ. ಸಮುದ್ರದಲ್ಲಿ ಚಂಡಮಾರುತ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಸಮುದ್ರ ಎಲ್ಲಿ, ಕಡಬ ಎಲ್ಲಿ ಎಂದು ನಾವು ತಲೆ ಕೆಡಿಸಿಕೊಂಡಿರಲಿಲ್ಲ. ಶಾಲೆ ಶುರುವಾಗುವ ಮೊದಲಿನ ಯೂನಿಫಾರ್ಮಿನ ಗಡಿಬಿಡಿ. ಜಾನಕಿ ಮನೆಯಲ್ಲೇ ಕೂತು ಹೊಲಿಯುತ್ತಿದ್ದಳು. ಪಡು ಬದಿಯ ನಡು ಕಂಬಗಳು ನೆಲ ಬಿಟ್ಟು ಎದ್ದವು. ಮೂಲೆಯವು ಅಲುಗಲಿಲ್ಲ. ಮನೆ ನಡುವಿನಲ್ಲಿ ತಿರುಚಿ, ಗೋಡೆಯ ಹಲಗೆ ಕಳಚಿ ಮಿಶನ್ನಿನ ಮೇಲೆ ಬಿತ್ತು. ಮಿಶನ್ನಿನ ಮೇಲೆ ಅವಳ ಬಲಗೈ ಇತ್ತು.

ಜೀವ ಉಳಿಯಿತು. ಬೆರಳುಗಳ ಮೂಳೆ ಕೂಡಿಕೊಂಡಿತು, ಆದರೆ ಮಡಚಲು ಬರುವುದಿಲ್ಲ. ಕತ್ತರಿ ಹಿಡಿಯಲಾಗುವುದಿಲ್ಲ. ಹೊಲಿಗೆ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಹೆಂಗಸು ಅವಳು.

ಗಾಳಿಯ ಮರುದಿನ ಯಾರೂ ಕರೆಯುವ ಮೊದಲೇ ಹನೀಫರು ಕೆಲಸದವರೊಂದಿಗೆ ಬಂದರು. ಅಂಗಳದಲ್ಲಿ ಊರವರೆಲ್ಲ ಸೇರಿದ್ದರು. ಜಾನಕಿಯನ್ನು ಪುತ್ತೂರಿನ ಆಸ್ಪತ್ರೆಯಲ್ಲಿ ಬಿಟ್ಟು, ಅವಳ ಬಟ್ಟೆಬರೆ ತೆಗೆದುಕೊಂಡು ಹೋಗಲು ನಾನೂ ಬಂದಿದ್ದೆ. ರುಕ್ಮಯ್ಯ ಗೌಡರು ಹನೀಫರ ಎದೆಗೆ ಬೆರಳು ತಾಗಿಸಿ, "ಗಾಳಿಗೆ ತಡೆಯುವ ಮನೆ ಅಂತ ಹೇಳಿ ಜನರನ್ನು ಕೊಲ್ಲುದಾ ನೀವು?" ಎಂದು ಕಿರುಚುತ್ತಿದ್ದರು. ಹನೀಫರು ಅವರ ಹೆಗಲಾಚೆ ನೋಡಿದರು. ಗುಂಪಿನಲ್ಲಿ ನನ್ನನ್ನು ಹುಡುಕಿದರು.

"ಟೀಚರ್, ನಾನು ನಿಮ್ಮತ್ರ ಹೇಳಿದ್ದೆ ಅಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಂದೆ:

"ಎಂತ ಹೇಳಿದ್ದು? ನನ್ನತ್ರ ನೀವು ಎಂತ ಸಹ ಹೇಳಿಲ್ಲ."

ಅವರು ಕೆಲಸದವರ ಕಡೆಗೆ ತಿರುಗಿ ನಡೆದರು. ವಾದ ಮಾಡಿದ್ದರೆ, ಆಣೆ ಹಾಕಿದ್ದರೆ ನಾನು ಬಹುಶಃ — ಇಲ್ಲ, ಆಗಲೂ ಒಪ್ಪುತ್ತಿರಲಿಲ್ಲ. ಆ ಅಂಗಳದಲ್ಲಿ ಅವರ ಮಾತಿಗಿಂತ ನನ್ನ ಮಾತನ್ನು ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ಯಾಕೆ ನಂಬುತ್ತಾರೆ ಎಂದೂ ಗೊತ್ತಿತ್ತು. ನಾನು ಊರಿನ ಟೀಚರ್, ನಾನು ಅವರವಳು. ಹನೀಫರು ವ್ಯಾಪಾರದ ಬ್ಯಾರಿ. ನಮ್ಮ ಊರನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆ ನಂಬಿಕೆಯ ಹಿಂದೆ ನಾನು ಅಡಗಿಕೊಂಡೆ.

ಅವರು ತಮ್ಮದೇ ಖರ್ಚಿನಲ್ಲಿ ಮನೆ ಸರಿ ಮಾಡಿ, ಜಾನಕಿ ಆಸ್ಪತ್ರೆಯಿಂದ ಬಂದ ಮೇಲೆ ಇನ್ನೊಮ್ಮೆ ಬಂದು ಎಲ್ಲ ಕಂಬಗಳಿಗೂ ಬೋಲ್ಟು ಹಾಕಿಸಿ ಹೋದರು. ಅದನ್ನೂ ಊರು ತಪ್ಪೊಪ್ಪಿಗೆ ಎಂದೇ ತಿಳಿಯಿತು. ತೋಟದ ಕೆಲಸದವರಿಗೆಂದು ರುಕ್ಮಯ್ಯ ಗೌಡರು ಹೇಳಿಟ್ಟಿದ್ದ ಮನೆ ಬೇಡವೆಂದರು. ಅವರ ಹಿಂದೆ ಉಳಿದವರೂ ಬೇಡವೆಂದರು. ಯಾರ್ಡಿನಲ್ಲಿ ಸ್ವಲ್ಪ ಕಾಲ ಕಂಬಗಳು ತುಕ್ಕು ಹಿಡಿಯುತ್ತಾ ಬಿದ್ದಿದ್ದವು. ಆಮೇಲೆ ಹನೀಫರು ಅದನ್ನೆಲ್ಲ ಗುಜರಿಗೆ ಕೊಟ್ಟು, ಮೊಮ್ಮಕ್ಕಳನ್ನು ಆಡಿಸುವ ಪ್ರಾಯದಲ್ಲಿ ಮತ್ತೆ ಗಲ್ಫಿಗೆ ಹೋದರು.

ನಾನು ಆರಾಮವಾಗಿದ್ದೆ ಎಂದು ಹೇಳುವುದಿಲ್ಲ. ಆದರೆ ಉಂಡೆ, ಮಲಗಿದೆ, ಮದುವೆಗಳಿಗೆ ಹೋದೆ. ಜಾನಕಿಗೆ ಅಡುಗೆ ಮಾಡಿಕೊಟ್ಟೆ, ತಲೆ ಬಾಚಿದೆ. ಊರವರು ಹೊಗಳಿದರು. ಅದನ್ನೂ ಕೇಳಿಸಿಕೊಂಡೆ.

ಕಳೆದ ತಿಂಗಳು ಜಾನಕಿಯೇ ಬಂದಳು. ಅರಂತೋಡಿನಲ್ಲಿರುವ ಅವಳ ತಂಗಿ ಅಂಥದ್ದೇ ಮನೆ ಮಾಡಿಸುತ್ತಾಳಂತೆ, ಸುಳ್ಯದಲ್ಲಿ ಯಾರೋ ಹೊಸಬರು ಕೊಡುತ್ತಾರಂತೆ. "ಚರ್ಚೆಗೆ ನೀನೇ ಬರ್ಬೇಕು," ಎಂದಳು. "ಒಮ್ಮೆ ಪೆಟ್ಟು ತಿಂದವಳು ನೀನು. ಇನ್ನು ಆ ಹನೀಫನ ಹಾಗೆ ನಿನ್ನ ಕಣ್ಣು ಕಟ್ಟಿ ಮೋಸ ಮಾಡ್ಲಿಕ್ಕೆ ಯಾರಿಗೂ ಆಗ್ಲಿಕ್ಕಿಲ್ಲ."

ಮಡಚಲಾಗದ ಆ ಕೈಯನ್ನು ನನ್ನ ತೊಡೆಯ ಮೇಲಿಟ್ಟು ಹೇಳಿದಳು. ನನಗೆ ಇನ್ನು ಆಗಲಿಲ್ಲ. ಹೇಳಿದೆ. ಹೋಟೆಲು, ಬೋಲ್ಟು, ಹೂಂ ಎಂದದ್ದು, ಅಂಗಳ — ಎಲ್ಲ.

ಅವಳು ಕೈ ತೆಗೆದಳು. "ಆ ಬೋಲ್ಟಿಗೆ ಎಷ್ಟು ಹೆಚ್ಚಾಗ್ತಿತ್ತು?" ಎಂದು ಕೇಳಿದಳು. ಹೇಳಿದೆ.

"ನನ್ನತ್ರ ಇತ್ತು," ಎಂದಳು. "ಒಂದು ಮಾತು ಕೇಳಿದ್ರೆ ಕೊಡ್ತಿದ್ದೆ."

ಎದ್ದು ಬಾಗಿಲಿನವರೆಗೆ ಹೋದವಳು ನಿಂತಳು. "ಅವರು ಬೋಲ್ಟು ಹಾಕ್ಲಿಕ್ಕೆ ಬಂದ ದಿನ ಇಡೀ ಬಿಸಿಲಲ್ಲಿ ಕೆಲಸ ಮಾಡಿದ್ರು. ನಾನು ಒಂದು ಗ್ಲಾಸು ನೀರು ಸಹ ಕೊಡ್ಲಿಲ್ಲ. ಸಾಯ್ಲಿ ಅಂತ ಒಳಗೆ ಕೂತಿದ್ದೆ. ಅದನ್ನು ನಾನು ಈಗ ಎಂತ ಮಾಡುದು, ಹೇಳು."

ಅವಳು ಆಮೇಲೆ ನನ್ನ ಮನೆಗೆ ಬಂದಿಲ್ಲ.

ಹನೀಫರ ಮನೆಯಿಂದ ನಂಬರ್ ಕೇಳಿ ಫೋನ್ ಮಾಡಿದೆ. ನಾನು ಯಾರೆಂದು ಹೇಳಿ, ಸುಳ್ಳು ಹೇಳಿದ್ದು ನಾನು ಎಂದೆ. ಹಿಂದಿನಿಂದ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು. "ಜಾನಕಿ ಅಕ್ಕನ ಕೈ ಈಗ ಹೇಗುಂಟು?" ಎಂದು ಕೇಳಿದರು. ಹೇಳಿದೆ. "ಇಲ್ಲಿ ಈಗ ಕೆಲಸದ ಹೊತ್ತು, ಇಡ್ತೇನೆ ಟೀಚರ್," ಎಂದು ಇಟ್ಟರು. ಕ್ಷಮಿಸಿದೆ ಎನ್ನಲಿಲ್ಲ. ಕೇಳಲು ನನಗೂ ಮುಖವಿರಲಿಲ್ಲ.

ಸುಳ್ಳು ಹೇಳಿದ್ದು ಊರವರ ಎದುರು. ಸತ್ಯವನ್ನೂ ಅವರಿಗೇ ಹೇಳಬೇಕಲ್ಲ. ಮೊದಲು ರುಕ್ಮಯ್ಯ ಗೌಡರ ಮನೆಗೆ ಹೋದೆ. ಬೈಯಲಿ, ಅಂಗಳದಿಂದ ಇಳಿಸಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಅವರು ಪೂರ್ತಿ ಕೇಳಿದರು. ಆಮೇಲೆ ಒಳಗೆ ತಿರುಗಿ ಚಾ ತರಲು ಹೇಳಿದರು.

"ಆಗಿ ಹೋಯ್ತು, ಬಿಡಿ ಟೀಚರ್," ಎಂದರು. "ನೀವು ಬೇಕೂಂತ ಮಾಡಿದ್ದಾ? ಹೆದರಿಕೆಗೆ ಒಂದು ಮಾತು ಬಂದು ಹೋಗ್ತದೆ."

ಹೋದ ಮನೆಗಳಲ್ಲೆಲ್ಲ ಇದೇ. ಬಿಡಿ ಟೀಚರ್. ಕೂತ್ಕೊಳ್ಳಿ ಟೀಚರ್. ಯಾರೂ ನನ್ನ ಎದೆಗೆ ಬೆರಳು ತಾಗಿಸಲಿಲ್ಲ. ಅಂದು ಆ ಅಂಗಳದಲ್ಲಿ ಹನೀಫರಿಗೆ ಒಬ್ಬರಾದರೂ ಬಿಡಿ ಎಂದಿರಲಿಲ್ಲ — ಏನೂ ತಪ್ಪು ಮಾಡದ ಅವರಿಗೆ. ಅದಕ್ಕೇ ಇದನ್ನು ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಓದಿದವರು ಎಲ್ಲಿಯಾದರೂ ನನ್ನನ್ನು ಕಂಡರೆ ಏನು ಬೇಕಾದರೂ ಹೇಳಿ. ಬಿಡಿ ಎಂದು ಮಾತ್ರ ಹೇಳಬೇಡಿ.