ದರ್ಜಿಯ ದನಿಗೆ ಬಿದ್ದ ಬೀಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಪುಟ್ಟ ಅಂಗಡಿಯಲ್ಲಿ, ಅರ್ಧ ಎತ್ತಿದ ಶಟರ್‌ನ ಹಿಂದೆ, ರಿಪೇರಿ ಅಕ್ಕ ಒಂದು ಟ್ಯಾಬ್ಲೆಟ್ಟಿನ ಮೇಲೆ ಬಗ್ಗಿ ಕೂತಿದ್ದಾರೆ. ಫೋನು, ಟ್ಯಾಬ್ಲೆಟ್ಟುಗಳ ಒಳಗೆ ಕಂಪನಿ ಹಾಕಿದ ಬೀಗ ಬಿಡಿಸುವ ಕೆಲಸವನ್ನು ಅವರು ಮಾಡುವುದು ಈ ಹೊತ್ತಿನಲ್ಲಿ ಮಾತ್ರ. ಕಂಪನಿಯವರ ಪಾಲಿಗೆ ಇದು ಕಳ್ಳಗೆಲಸ. ಈ ಬೀದಿಗೆ ರಿಪೇರಿ, ಅಷ್ಟೇ. "ನಡುವೆ ಯಾರಾದ್ರೂ ಬಂದು ಚಾರ್ಜರ್ ಇದ್ಯಾ ಅಂದ್ರೆ ಗಮನ ತಪ್ಪುತ್ತೆ. ಒಂದು ಹೆಜ್ಜೆ ತಪ್ಪಿದ್ರೂ ಒಳಗಿರೋದೆಲ್ಲ ಅಳಿಸಿಹೋಗುತ್ತೆ" ಎನ್ನುತ್ತಾರೆ.

ಇವತ್ತು ಒಳಗಿರುವುದು ಒಬ್ಬ ದರ್ಜಿಯ ದನಿ.

ಎದುರಿನ ಸ್ಟೂಲಿನ ಮೇಲೆ ಕೂತಿರುವ ದರ್ಜಿಗೆ ಗಂಟಲಿನ ಆಪರೇಷನ್ ಆದ ಮೇಲೆ ಮಾತಿಲ್ಲ. ಆಪರೇಷನ್ನಿಗೆ ಮೊದಲೇ ತಮ್ಮ ದನಿಯನ್ನು ಈ ಟ್ಯಾಬ್ಲೆಟ್ಟಿಗೆ ತುಂಬಿಸಿಟ್ಟಿದ್ದರು. ಟೈಪ್ ಮಾಡಿದರೆ ಅವರದೇ ದನಿಯಲ್ಲಿ ಅದು ಮಾತಾಡುತ್ತಿತ್ತು. ಮೊನ್ನೆ ಪರದೆಯ ಮೇಲೆ 'ಹೊಸ ಆವೃತ್ತಿ ಬಂದಿದೆ, ಒಪ್ಪಿಗೆಯೇ?' ಎಂಬ ಪ್ರಶ್ನೆ ಮೂಡಿತು. ಮಗಳು ಒಪ್ಪಿಗೆ ಒತ್ತಿದಳು. ಅಂದಿನಿಂದ, ದನಿಯನ್ನು ಮಾತಾಡಿಸುತ್ತಿದ್ದ ಆ ಹಳೆಯ ಆ್ಯಪ್ ತೆರೆಯುವುದಿಲ್ಲ. ಅದನ್ನು ಮಾಡಿದವರು ಎಂದೋ ಅಂಗಡಿ ಮುಚ್ಚಿದ್ದಾರೆ. ತಾವು ಅನುಮತಿ ಕೊಡದ ಆ್ಯಪ್ ಇದರಲ್ಲಿ ನಡೆಯುವುದಿಲ್ಲ, ಹೊಸ ಮಾತಿನ ಯಂತ್ರ ಕೊಳ್ಳಿ ಎಂದು ಟ್ಯಾಬ್ಲೆಟ್ ಕಂಪನಿಯವರು ಕೈ ತೊಳೆದುಕೊಂಡರು. ಹೊಸದರಲ್ಲಿ ಇರುವುದು ಇನ್ಯಾರದೋ ದನಿ.

"ಅಷ್ಟು ನಯವಾಗಿ ಕೇಳ್ತು, ಬೇಡ ಅನ್ನೋದು ಹೇಗೆ ಅಂತ ಒತ್ಬಿಟ್ಟೆ" ಎನ್ನುತ್ತಾಳೆ ಪಕ್ಕದಲ್ಲಿ ನಿಂತ ಮಗಳು, ತಲೆ ಎತ್ತದೆ. "ಅಪ್ಪ ಬೈದಿದ್ರೆ ಸಮಾಧಾನ ಆಗ್ತಿತ್ತು. ಬೈಯೋಕೂ ಆಗ್ತಿಲ್ಲ ಅವರಿಗೆ."

ಅಕ್ಕ ಮೊದಲು ಇಂಥದೇ ಒಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿದ್ದವರು. ಸರಿಹೋಗುವಂಥದ್ದನ್ನೂ 'ಆಗಲ್ಲ' ಎಂದು ವಾಪಸ್ ಕಳಿಸಲು ಮನಸ್ಸೊಪ್ಪದೆ ಬಿಟ್ಟುಬಂದರು. ಹಾಗೆಂದು ಬೀಗವೇ ಬೇಡ ಎನ್ನುವವರಲ್ಲ. "ಕಳ್ಳರಿಗೆ, ವೈರಸ್ಸಿಗೆ ಅಡ್ಡ ಬೇಕಲ್ಲ. ಬೀಗ ತೆಗೆದ್ಮೇಲೆ ಬ್ಯಾಂಕಿನ ಕೆಲಸ ಇದರಲ್ಲಿ ಮಾಡ್ಬೇಡಿ ಅಂತ ಹೇಳೇ ಕಳಿಸ್ತೀನಿ. ಆದ್ರೆ ಮನೆ ಮಾರಿದವ್ನು ಕೀಲಿಕೈನ ತನ್ನ ಜೇಬಲ್ಲೇ ಇಟ್ಕೊಂಡ್ರೆ ಹೇಗೆ? ತಗೊಂಡವ್ರು ಬೀಗ ತೆಗೀಲಿ, ಕೆಟ್ರೆ ಅವ್ರೇ ಹೊಣೆ." ತಂದವರು ತಮ್ಮದೆಂದು ತೋರಿಸಲಾಗದ ಫೋನನ್ನು ಅವರು ಮುಟ್ಟುವುದೂ ಇಲ್ಲ.

ಕೊನೆಯ ಗುಂಡಿಯನ್ನು ಅಕ್ಕ ಎಂದೂ ಒತ್ತುವುದಿಲ್ಲ. ವಸ್ತು ಯಾರದೋ ಅವರೇ ಒತ್ತಬೇಕು. "ಹೋದ್ರೆ ಪೂರ್ತಿ ಹೋಗುತ್ತೆ ಅಣ್ಣಾ, ಯೋಚ್ನೆ ಮಾಡಿ" ಎಂದು ಟ್ಯಾಬ್ಲೆಟ್ ಮುಂದಿಡುತ್ತಾರೆ. ದರ್ಜಿ ಮಗಳ ಮುಖ ನೋಡುತ್ತಾರೆ. ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತುತ್ತಾರೆ. ಪರದೆ ಕಪ್ಪಾಗುತ್ತದೆ. ಅಕ್ಕನ ಕೆಲಸದ ಬಗ್ಗೆ ಬರೆದುಕೊಳ್ಳಲೆಂದು ಬಂದು ಮೂಲೆಯಲ್ಲಿ ಕೂತ ನನಗೂ ಬರೆಯುವುದು ಮರೆತುಹೋಗಿದೆ.

ಅಂತೂ ಪರದೆಗೆ ಬೆಳಕು ಬರುತ್ತದೆ. ದರ್ಜಿ ಟೈಪ್ ಮಾಡುತ್ತಾರೆ. ಸ್ವಲ್ಪ ಒರಟಾದ ದನಿಯೊಂದು ಅಂಗಡಿ ತುಂಬುತ್ತದೆ: "ಮೊನ್ನೆ ನೀನು ಹೊಲಿದ ಕಾಲರ್ ಸೊಟ್ಟಗಿದೆ. ಹೇಳೋಕೆ ಕಾಯ್ತಿದ್ದೆ."

ಮಗಳು ನಗುತ್ತಲೇ ಅಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ.

ಅಷ್ಟರಲ್ಲಿ ಪರದೆಯ ಮೇಲೆ ಮತ್ತೆ ಅದೇ ನಯವಾದ ಪ್ರಶ್ನೆ. ಒಪ್ಪಿದರೆ ಬೀಗ ಮೊದಲಿನಂತೆ ಬೀಳುತ್ತದೆ. ಅಕ್ಕ ಬಾಯಿ ತೆರೆಯುವ ಮೊದಲೇ ದರ್ಜಿ 'ಬೇಡ' ಒತ್ತುತ್ತಾರೆ. ಅದೂ ಸಾಲದೆ, ನಿಧಾನವಾಗಿ ಟೈಪ್ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ:

"ಬೇಡಪ್ಪ. ನಾನು ಹೀಗೇ ಚೆನ್ನಾಗಿದ್ದೀನಿ."