ಓಮದ ನೀರಿನ ಬಾಟಲಿ

ಬೆಳಿಗ್ಗೆ ಹೆಂಡತಿ ಓಮದ ನೀರಿನ ಬಾಟಲಿಯ ಮುಚ್ಚಳ ತೆಗೆದಳು ನೋಡಿ, ಆ ವಾಸನೆಗೆ ಅರ್ಧ ಓದಿದ ಪೇಪರ್ ಬಿಟ್ಟು ಎದ್ದೆ. “ಎದೆ ಹಿಡ್ಕೊಂಡಿದೆ. ಗ್ಯಾಸು ಕಣ್ರೀ, ಅಷ್ಟೇ,” ಎಂದಳು. ಬಾಟಲಿ ಕಿತ್ತುಕೊಂಡು, ಬನಿಯನ್ನಿನಲ್ಲೇ ಆಟೋ ಕರೆಯಲು ಓಡಿದೆ.

ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ಕತ್ತಿನಿಂದ ಹೊಕ್ಕುಳವರೆಗೆ ಎಲ್ಲಿ ನೋವು ಬಂದರೂ ಅದಕ್ಕೆ ಗ್ಯಾಸ್ ಎಂದೇ ಹೆಸರು. ಡಾಕ್ಟರಿಗೆ ಬೇರೆ ಏನಾದರೂ ಹೇಳಲು ನಾವು ಅವಕಾಶವನ್ನೇ ಕೊಡುತ್ತಿರಲಿಲ್ಲ. ಊರಿಗೆ ಹೊರಟರೆ ಚೀಲದಲ್ಲಿ ಬಟ್ಟೆಗಿಂತ ಮೊದಲು ಈ ಬಾಟಲಿ ಕೂರುತ್ತಿತ್ತು.

ತೊಂಬತ್ತರ ದಶಕದಲ್ಲಿ ಅಕ್ಕನ ಗಂಡನಿಗೆ ಟೆಂಟು ಹಾಕಿಕೊಂಡು ಊರು ಸುತ್ತುವ ಹುಚ್ಚು ಹಿಡಿಯಿತು. ಲಾರಿ ಟಾರ್ಪಾಲು ಹೊಲಿಯುವವರ ಹತ್ತಿರ ಒಂದು ಟೆಂಟು ಹೊಲಿಸಿ, ಹಳೇ ವ್ಯಾನಿಗೆ ತುರುಕಿ, ಜೊತೆಗೆ ನನ್ನನ್ನೂ ತುರುಕಿಕೊಂಡು ಬಿಜಾಪುರದ ಕಡೆಗೆ ಹೊರಟರು. ನನಗೆ ಡ್ರೈವಿಂಗ್ ಬಾರದು; ದಾರಿಯುದ್ದಕ್ಕೂ ಸಲಹೆ ಕೊಡುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಹೆದ್ದಾರಿ ಪಕ್ಕದ ಒಂದು ಪುಟ್ಟ ಹಳ್ಳಿಯಲ್ಲಿ ನಿಂತೆವು. ಒಂದು ಬೇವಿನ ಮರ, ಅದರ ಕೆಳಗೊಂದು ಚಹಾದಂಗಡಿ, ಬಿಟ್ಟರೆ ಹತ್ತಿಪ್ಪತ್ತು ಮನೆ. ಮಿರ್ಚಿ ಭಜಿ ತಿಂದ ಮೇಲೆ ಭಾವ ಎದೆ ಉಜ್ಜಿಕೊಂಡರು, ಬೆವರಿದರು. “ಗ್ಯಾಸು ಭಾವ, ನಾಲ್ಕು ತಿಂದ್ರಲ್ಲ,” ಎಂದು ಓಮದ ನೀರು ಕುಡಿಸಿ, ನೆರಳಲ್ಲಿ ಟೆಂಟನ್ನೇ ಹಾಸಿ ಮಲಗಿಸಿದೆ.

ಅಂಗಡಿಯ ಮುದುಕಿ ಬಂದು ಅವರ ಮುಖ ದಿಟ್ಟಿಸಿದಳು. “ಮಾರಿ ಬೆಳ್ಳಗಾಗೇತ್ರಿ. ಲಾರಿಗೆ ಕೈ ಮಾಡ್ರಿ, ದವಾಖಾನಿಗೆ ಕರ್ಕೊಂಡು ಹೋಗ್ರಿ.”

ನಾನು ನಕ್ಕೆ. ಬೆಂಗಳೂರಿನವನು ನೋಡಿ, ಎಲ್ಲ ತಿಳಿದವನು! ನಾನೂ ಪಕ್ಕದಲ್ಲಿ ಒರಗಿದೆ. ಎಂಥ ತಂಗಾಳಿ ಅದು! ಅಷ್ಟು ಸುಖವಾದ ನಿದ್ದೆ ನನಗೆ ಮತ್ತೆಂದೂ ಬಂದಿಲ್ಲ. ಅರೆನಿದ್ದೆಯಲ್ಲಿ ಲಾರಿಗಳು ಒಂದಾದ ಮೇಲೊಂದು ಹೋಗುವುದು ಕೇಳುತ್ತಿತ್ತು. ಎದ್ದಾಗ ಭಾವ ಹೋಗಿಬಿಟ್ಟಿದ್ದರು. ಮುದುಕಿ ಅವರ ತಲೆಯ ಹತ್ತಿರ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು.

ಅಕ್ಕ ಕೇಳಿದ್ದು ಇಷ್ಟೇ: “ತುಂಬಾ ಒದ್ದಾಡಿದ್ರೇನೋ?” ಇಲ್ಲ, ನೆಮ್ಮದಿಯಾಗಿ ಮಲಗಿದ್ದರು ಎಂದೆ. ಮುದುಕಿಯ ಮಾತು ಹೇಳಲಿಲ್ಲ, ಇಂದಿನವರೆಗೂ. ನೆಮ್ಮದಿಯಾಗಿ ಮಲಗಿದ್ದವನು ನಾನು. ಅವರು ಒದ್ದಾಡಿದರೋ, ನನ್ನನ್ನು ಕರೆದರೋ, ನನಗೆ ಗೊತ್ತಿಲ್ಲ.

ಇವತ್ತು ಚಿಕ್ಕ ವಯಸ್ಸಿನ ಡಾಕ್ಟರು ಇಸಿಜಿ ಕಾಗದ ನೋಡಿ, “ಮೇಡಂಗೆ ಏನಿಲ್ಲ ಸರ್, ಬರೀ ಗ್ಯಾಸು,” ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಹೊರಗೆ ಬಂದು ಆಟೋದವನಿಗೆ ತ್ಯಾಗರಾಜನಗರ ಎಂದೆ. ಅಕ್ಕ ಇರುವುದು ಅಲ್ಲಿ.

“ಬನಿಯನ್ನಲ್ಲೇ ಹೋಗ್ತೀರಾ?” ಎಂದಳು ಹೆಂಡತಿ.

ಹೌದೆಂದೆ. ಮನೆಗೆ ಹೋಗಿ ಅಂಗಿ ಹಾಕಿಕೊಂಡರೆ ಈ ಧೈರ್ಯ ಮತ್ತೆ ಬರುವುದಿಲ್ಲ.